ಕೊಯ್ದ ಮೇಲೆ ಹಣ್ಣಿನ ಸಕ್ಕರೆಗೆ ಏನಾಗುತ್ತದೆ?

ಮಾರ್ಚ್ ಮುಗಿಯುವ ಮೊದಲೇ ಅಂಗಡಿಗೆ ಬರುವ ಬಾದಾಮಿ ಮಾವನ್ನು ನೋಡಿದ್ದೀರಲ್ಲ? ಸಿಪ್ಪೆ ಒಳ್ಳೆ ಹಳದಿ. ಒತ್ತಿದರೆ ಮೆತ್ತಗೆ. ಹೆಚ್ಚಿ ಬಾಯಿಗಿಟ್ಟರೆ ಮಾತ್ರ ಸಪ್ಪೆ, ವಾಟೆಯ ಹತ್ತಿರ ಬರೀ ಹುಳಿ. ಅದೇ ಬಾದಾಮಿ ಮೇ ತಿಂಗಳಲ್ಲಿ ಕೈ ನೆಕ್ಕುವಷ್ಟು ಸಿಹಿಯಾಗಿರುತ್ತದೆ.

"ಔಷಧಿ ಹಾಕಿ ಹಣ್ಣು ಮಾಡ್ತಾರೆ, ಅದಕ್ಕೇ ರುಚಿ ಇಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಈ ಮಾತು ಅರ್ಧ ಮಾತ್ರ ಸರಿ. ಯಾವ ಔಷಧಿಯೂ ಹಣ್ಣಿನೊಳಗಿನ ಸಕ್ಕರೆಯನ್ನು ಕದಿಯುವುದಿಲ್ಲ. ಯಾವ ಔಷಧಿಯೂ ಹೊಸದಾಗಿ ಸಕ್ಕರೆ ತುಂಬುವುದೂ ಇಲ್ಲ. ಹಣ್ಣು ಎಷ್ಟು ಸಿಹಿಯಾಗಬಲ್ಲದು ಅನ್ನುವುದು ಹೆಚ್ಚುಕಡಿಮೆ ಅದನ್ನು ಕೊಯ್ದ ದಿನವೇ ತೀರ್ಮಾನವಾಗಿರುತ್ತದೆ. ಆಮೇಲೆ ನಾವು ಮಾಡುವ ಉಪಚಾರಗಳು, ಅಂದರೆ ತಣ್ಣಗಿಡುವುದು, ಗ್ಯಾಸ್ ಕೊಡುವುದು, ಬಿಸಿನೀರಲ್ಲಿ ಅದ್ದುವುದು, ಮೇಣ ಸವರುವುದು, ಇವೆಲ್ಲ ಆ ಸಿಹಿ ಯಾವಾಗ ಹೊರಬರಬೇಕು, ಎಷ್ಟು ಬೇಗ ಬರಬೇಕು, ಎಷ್ಟು ಉಳಿಯಬೇಕು ಅನ್ನುವುದನ್ನಷ್ಟೇ ಬದಲಿಸುತ್ತವೆ. ಕೆಲವೊಮ್ಮೆ ಪೂರ್ತಿ ಕೆಡಿಸುತ್ತವೆ ಕೂಡ. ಅದು ಹೇಗೆ ಅಂತ ನೋಡೋಣ.

ಪಿಷ್ಟದ ದಾಸ್ತಾನು

ಕಾಯಿ ಮರದಲ್ಲಿರುವಷ್ಟು ಕಾಲ ಎಲೆಯಲ್ಲಿ ತಯಾರಾದ ಸಕ್ಕರೆ ತೊಟ್ಟಿನ ಮೂಲಕ ಅದಕ್ಕೆ ಬರುತ್ತಲೇ ಇರುತ್ತದೆ. ಮಾವು, ಬಾಳೆಯಂಥ ಕಾಯಿಗಳು ಇದನ್ನು ಸಕ್ಕರೆಯಾಗಿಯೇ ಇಟ್ಟುಕೊಳ್ಳುವುದಿಲ್ಲ. ಹೆಚ್ಚಿನದನ್ನು ಪಿಷ್ಟ, ಅಂದರೆ ಸಿಹಿಯಿಲ್ಲದ ಹಿಟ್ಟಿನಂಥ ಸ್ಟಾರ್ಚ್, ಮಾಡಿ ಕೂಡಿಡುತ್ತವೆ. ತೊಟ್ಟು ಕತ್ತರಿಸಿದ ಕ್ಷಣಕ್ಕೆ ಈ ಸರಬರಾಜು ನಿಂತಿತು. ಆದರೆ ಕಾಯಿ ಇನ್ನೂ ಜೀವಂತ. ಉಸಿರಾಡುತ್ತಲೇ ಇರುತ್ತದೆ. ಫಸಲು ಮುಗಿದ ಮೇಲೆ ಕಣಜದಲ್ಲಿದ್ದ ಕಾಳಿನಲ್ಲೇ ವರ್ಷ ತಳ್ಳುವ ಮನೆಯ ಹಾಗೆ, ಇನ್ನು ಮುಂದೆ ಎಲ್ಲವೂ ಇದ್ದುದರಲ್ಲೇ ನಡೆಯಬೇಕು.

ಬಲಿತ ಪಚ್ಚಬಾಳೆಯ ಕಾಯಿ ತೆಗೆದುಕೊಳ್ಳಿ. ಅದರ 100 ಗ್ರಾಂ ತಿರುಳಿನಲ್ಲಿ ಸುಮಾರು 20 ಗ್ರಾಂ ಪಿಷ್ಟ ಇರುತ್ತದೆ. ಸಕ್ಕರೆ ಒಂದೆರಡು ಗ್ರಾಂ ಅಷ್ಟೇ. ವಾರದೊಳಗೆ ಹಣ್ಣಾದಾಗ ಲೆಕ್ಕ ತಿರುಗುಮುರುಗಾಗಿರುತ್ತದೆ. ಪಿಷ್ಟ ಒಂದೆರಡು ಗ್ರಾಂಗೆ ಇಳಿದಿರುತ್ತದೆ, ಸಕ್ಕರೆ 20 ಗ್ರಾಂ ಹತ್ತಿರಕ್ಕೆ ಏರಿರುತ್ತದೆ. ಹೊರಗಿನಿಂದ ಒಂದು ಚಿಟಿಕೆಯೂ ಬಂದಿಲ್ಲ!

ಈ ಕೆಲಸ ಮಾಡುವುದು ಕಿಣ್ವಗಳು, ಅಂದರೆ ಜೀವಕೋಶದ ರಾಸಾಯನಿಕ ಕೆಲಸಗಳನ್ನು ನಡೆಸುವ ಪ್ರೋಟೀನುಗಳು. ಅಮೈಲೇಸ್ ಮತ್ತು ಅದರ ಜೊತೆಗಾರ ಕಿಣ್ವಗಳು ಪಿಷ್ಟದ ಉದ್ದನೆಯ ಸರಪಳಿಯನ್ನು ತುಂಡು ಮಾಡುತ್ತವೆ. ಆ ತುಂಡುಗಳಿಂದ ಸುಕ್ರೋಸ್ ಫಾಸ್ಫೇಟ್ ಸಿಂಥೇಸ್ ಅನ್ನುವ ಕಿಣ್ವದ ನೆರವಿನಿಂದ ಸುಕ್ರೋಸ್ ತಯಾರಾಗುತ್ತದೆ. ನಾವು ಕಾಫಿಗೆ ಹಾಕುವ ಸಕ್ಕರೆಯೂ ಸುಕ್ರೋಸೇ. ಆಮೇಲೆ ಇನ್ವರ್ಟೇಸ್ ಅನ್ನುವ ಕಿಣ್ವ ಈ ಸುಕ್ರೋಸನ್ನು ಒಡೆದು ಗ್ಲೂಕೋಸ್, ಫ್ರಕ್ಟೋಸ್ ಎಂದು ಬೇರೆ ಮಾಡುತ್ತದೆ. ಅದಕ್ಕೇ ಬಾಳೆಯಲ್ಲಿ ಮೊದಲು ಸುಕ್ರೋಸ್ ಏರುತ್ತದೆ, ಉಳಿದೆರಡು ಹಿಂದಿನಿಂದ ಬರುತ್ತವೆ. ಮಾವಿನಲ್ಲಿ ಪೂರ್ತಿ ಹಣ್ಣಾದಾಗಲೂ ಸುಕ್ರೋಸಿನದೇ ಮೇಲುಗೈ.

ಈ ಮೂರರ ಸಿಹಿಯೂ ಒಂದೇ ಅಲ್ಲ. ಫ್ರಕ್ಟೋಸ್ ಸುಕ್ರೋಸಿಗಿಂತ ಜಾಸ್ತಿ ಸಿಹಿ, ಗ್ಲೂಕೋಸ್ ಕಡಿಮೆ. ಹಾಗಾಗಿ ಒಟ್ಟು ಸಕ್ಕರೆ ಅಷ್ಟೇ ಇದ್ದರೂ ಇವುಗಳ ಪಾಲು ಬದಲಾದರೆ ನಾಲಿಗೆಗೆ ಗೊತ್ತಾಗುತ್ತದೆ.

ಉಸಿರಾಟಕ್ಕೂ ಸಕ್ಕರೆ ಬೇಕು. ಆದರೆ ಅದು ಎಷ್ಟು ಅಂತ ಲೆಕ್ಕ ಹಾಕಿದರೆ ಆಶ್ಚರ್ಯವಾಗುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಒಂದು ಕೆಜಿ ಮಾವು ದಿನಕ್ಕೆ ಸುಟ್ಟುಕೊಳ್ಳುವುದು ಒಂದರಿಂದ ಎರಡೂವರೆ ಗ್ರಾಂ ಸಕ್ಕರೆ. 13 ಡಿಗ್ರಿಗೆ ಇಳಿಸಿದರೆ ಅದು ಅರ್ಧ ಗ್ರಾಂ ಆಸುಪಾಸಿಗೆ ಬರುತ್ತದೆ. ಆ ಒಂದು ಕೆಜಿಯಲ್ಲಿ ನೂರು ಗ್ರಾಂಗೂ ಮೀರಿ ಸಕ್ಕರೆ ಇರುವಾಗ ಇದು ದೊಡ್ಡ ನಷ್ಟವೇನಲ್ಲ. ಅಂದರೆ ಮಾವು ಸಪ್ಪೆಯಾಗುವುದಕ್ಕೆ ಮುಖ್ಯ ಕಾರಣ ಸಕ್ಕರೆ ಸುಟ್ಟುಹೋಗುವುದಲ್ಲ. ಒಂದೋ ಪಿಷ್ಟವೇ ಸಾಕಷ್ಟು ಇರಲಿಲ್ಲ, ಇಲ್ಲವೇ ಇದ್ದ ಪಿಷ್ಟ ಸಕ್ಕರೆಯಾಗಲಿಲ್ಲ.

ಬಣ್ಣದ ದಾರಿ ಬೇರೆ, ಸಿಹಿಯ ದಾರಿ ಬೇರೆ

ಬಲಿತ ಕಾಯಿ ಹಣ್ಣಾಗಲು ಶುರುವಾಗುವುದು ಎಥಿಲೀನ್ ಅನ್ನುವ ಅನಿಲದಿಂದ. ಗಿಡಗಳ ಮೇಲೆ ಇದರ ಪ್ರಭಾವವನ್ನು 1901ರಲ್ಲಿ ರಷ್ಯಾದ ಡಿಮಿಟ್ರಿ ನೆಲ್ಯುಬೋವ್ ಗುರುತಿಸಿದ. ದೀಪದ ಗ್ಯಾಸ್ ಸೋರುತ್ತಿದ್ದ ಕೋಣೆಯಲ್ಲಿ ಬಟಾಣಿ ಸಸಿಗಳು ಸೊಟ್ಟಗೆ ಬೆಳೆಯುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ಹಣ್ಣೇ ಈ ಅನಿಲವನ್ನು ತಯಾರಿಸುತ್ತದೆ ಅಂತ ರುಜುವಾತಾಗಿದ್ದು 1934ರಲ್ಲಿ, ಇಂಗ್ಲೆಂಡಿನ ರಿಚರ್ಡ್ ಗೇನ್ ಎಂಬವನಿಂದ. ಆದರೆ ನಮ್ಮ ಹಳ್ಳಿಗಳಲ್ಲಿ ಮಾವನ್ನು ಹುಲ್ಲಿನಲ್ಲಿ ಮುಚ್ಚಿಟ್ಟು ಹಣ್ಣು ಮಾಡುವುದು, ಬಾಳೆಗೊನೆಗೆ ಹೊಗೆ ಹಾಕುವುದು ಮೊದಲಿಂದಲೂ ಇತ್ತು. ಹುಲ್ಲು ಕಾಯಿಯ ಎಥಿಲೀನನ್ನೂ ಶಾಖವನ್ನೂ ಹೊರಗೆ ಬಿಡುವುದಿಲ್ಲ. ಹೊಗೆಯಲ್ಲೇ ಒಂದಿಷ್ಟು ಎಥಿಲೀನ್ ಇರುತ್ತದೆ.

ಎಥಿಲೀನ್ ತಗುಲಿದ ಮೇಲೆ ಒಂದೇ ಹೊತ್ತಿಗೆ ಹಲವು ಕೆಲಸ ಶುರುವಾಗುತ್ತವೆ. ಪಿಷ್ಟ ಒಡೆಯುತ್ತದೆ. ಸಿಪ್ಪೆಯ ಹಸಿರು ಕರಗುತ್ತದೆ. ತಿರುಳು ಮೆತ್ತಗಾಗುತ್ತದೆ. ಘಮ ಹುಟ್ಟುತ್ತದೆ. ಇವೆಲ್ಲ ಒಟ್ಟಿಗೆ ನಡೆಯುವುದರಿಂದ ನಾವು ಬಣ್ಣ ನೋಡಿ ಸಿಹಿಯನ್ನು ಅಂದಾಜು ಮಾಡುತ್ತೇವೆ. ನಾವು ಮೋಸ ಹೋಗುವುದೂ ಇಲ್ಲೇ. ಪ್ರತಿಯೊಂದು ಕೆಲಸಕ್ಕೂ ಬೇರೆ ಬೇರೆ ಕಿಣ್ವ ಇದೆ. ಒಂದು ನಡೆದು ಇನ್ನೊಂದು ನಿಲ್ಲಬಹುದು.

ಎಳೆ ಕಾಯಿಯನ್ನೇ ಕೊಯ್ದರು ಅಂದುಕೊಳ್ಳಿ. ಸೀಸನ್ ಶುರುವಿನಲ್ಲಿ ರೇಟು ಜಾಸ್ತಿ, ಮಂಡಿಯಲ್ಲಿ ಕೇಳುವವರೂ ಜಾಸ್ತಿ. ಒಂದು ಮಳೆ, ಒಂದು ಗಾಳಿ ಬಂದರೆ ಇಡೀ ತೋಟ ಉದುರುವ ಭಯ ಬೇರೆ. ರೈತ ಕಾಯಲಾರ. ಆ ಕಾಯಿಯಲ್ಲಿ ಪಿಷ್ಟ ಇನ್ನೂ ತುಂಬಿರುವುದಿಲ್ಲ. ಅದಕ್ಕೆ ಏನು ಕೊಟ್ಟರೂ ಸಿಪ್ಪೆ ಹಳದಿಯಾಗುತ್ತದೆ, ತಿರುಳು ಮೆತ್ತಗಾಗುತ್ತದೆ. ಸಕ್ಕರೆ ಮಾಡಲು ಸಾಮಾನೇ ಇಲ್ಲ.

ಬೇಗ ಹಣ್ಣು ಮಾಡಲು ಹಾಕುವ ಕ್ಯಾಲ್ಸಿಯಂ ಕಾರ್ಬೈಡ್ ಇಂಥ ಕಾಯಿಗಳ ಜೊತೆಗೇ ಹೆಚ್ಚಾಗಿ ಬರುತ್ತದೆ. ತೇವ ತಗುಲಿದರೆ ಅದು ಅಸಿಟಿಲೀನ್ ಬಿಡುತ್ತದೆ. ಅಸಿಟಿಲೀನ್ ಎಥಿಲೀನಿನ ನಕಲು ಮಾಡುತ್ತದೆ, ಆದರೆ ತುಂಬಾ ದುರ್ಬಲವಾಗಿ. ಜೊತೆಗೆ ಆರ್ಸೆನಿಕ್, ರಂಜಕದ ವಿಷಾನಿಲಗಳು ಬೆರೆತಿರುವ ಅಪಾಯವಿದೆ. ಇದನ್ನು ಬಳಸುವುದು ಕಾನೂನುಬಾಹಿರ, 2011ರ ಆಹಾರ ಸುರಕ್ಷತಾ ನಿಯಮಗಳಲ್ಲೂ ಸ್ಪಷ್ಟವಾಗಿ ನಿಷೇಧವಿದೆ. ಅದರ ಬದಲು 100 ಪಿಪಿಎಂವರೆಗೆ, ಅಂದರೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲಿನವರೆಗೆ, ಎಥಿಲೀನ್ ಅನಿಲ ಬಳಸಲು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2016ರಲ್ಲಿ ಅನುಮತಿ ಕೊಟ್ಟಿತು. ಎಥಿಲೀನ್ ಕೊಟ್ಟ ಹಣ್ಣು ಅಂದಕೂಡಲೇ ಹೆದರಬೇಕಿಲ್ಲ. ಕಾಯಿ ಬಲಿತಿದ್ದರೆ, ಹಣ್ಣೇ ತಯಾರಿಸುವ ಅನಿಲವನ್ನು ಒಂದೆರಡು ದಿನ ಮುಂಚೆ ಕೊಟ್ಟ ಹಾಗಾಯಿತು ಅಷ್ಟೆ.

ಬಾಳೆಹಣ್ಣು ಮಾಡುವ ಕೋಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಒಳಗೆ 16ರಿಂದ 18 ಡಿಗ್ರಿ, ತೇವಾಂಶ ಶೇ. 90ಕ್ಕೂ ಮೇಲೆ. ಕ್ರೇಟುಗಳ ನಡುವೆ ಗಾಳಿ ಆಡುವಂತೆ ಜೋಡಿಸಿರುತ್ತಾರೆ. ಮೊದಲ 24 ಗಂಟೆ ಬಾಗಿಲು ಮುಚ್ಚಿ ಎಥಿಲೀನ್. ಆಮೇಲೆ ಬಾಗಿಲು ತೆರೆದು ಗಾಳಿ ಬದಲಿಸಬೇಕು. ಕಾಯಿಗಳು ಜೋರಾಗಿ ಉಸಿರಾಡಲು ಶುರುಮಾಡಿ ಕಾರ್ಬನ್ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ. ಅದು ಶೇ. 1ಕ್ಕಿಂತ ಜಾಸ್ತಿಯಾದರೆ ಎಥಿಲೀನಿನ ಕೆಲಸಕ್ಕೇ ಅಡ್ಡ ಬರುತ್ತದೆ. ಇನ್ನೊಂದು ವಿಷಯ, ಕೋಣೆಯ ಥರ್ಮಾಮೀಟರ್ 17 ತೋರಿಸಿದರೂ ಒಂದು ಕಾಯಿಗೆ ಕಡ್ಡಿ ಥರ್ಮಾಮೀಟರ್ ಚುಚ್ಚಿದರೆ ಇನ್ನೂ ಜಾಸ್ತಿ ಇರುತ್ತದೆ. ಪಿಷ್ಟ ಸಕ್ಕರೆಯಾಗಿ, ಸಕ್ಕರೆ ಸುಟ್ಟು ಬರುವ ಶಾಖ ಅದು. ಅನುಭವ ಇರುವವರು ಕೋಣೆಯ ಬಿಸಿಯನ್ನಲ್ಲ, ತಿರುಳಿನ ಬಿಸಿಯನ್ನು ನೋಡಿ ಎಸಿ ತಿರುಗಿಸುತ್ತಾರೆ.

ಎಸಿ ಕೈಕೊಟ್ಟು ಬಿಸಿ ಏರಿದರೆ? ಪಚ್ಚಬಾಳೆಯಲ್ಲಿ 24 ಡಿಗ್ರಿ ದಾಟಿದರೆ ಸಿಪ್ಪೆಯ ಹಸಿರು ಸರಿಯಾಗಿ ಕರಗುವುದಿಲ್ಲ. ಒಳಗೆ ಮಾತ್ರ ಪಿಷ್ಟ ಇನ್ನೂ ಜೋರಾಗಿ ಸಕ್ಕರೆಯಾಗುತ್ತದೆ. ಹೊರಗೆ ಹಸಿರು, ಒಳಗೆ ಸಿಹಿ. ಹಳದಿ ಮಾವು ಸಪ್ಪೆ ಇರುವುದಕ್ಕೆ ಪೂರ್ತಿ ಉಲ್ಟಾ. ಬೇಸಿಗೆಯಲ್ಲಿ ಮನೆಯಲ್ಲೇ ಹಣ್ಣಾದ ಪಚ್ಚಬಾಳೆ ಹಸಿರಾಗಿದ್ದರೂ ರುಚಿ ಇರುವುದು ಇದರಿಂದಲೇ.

ತಣ್ಣಗಿಟ್ಟರೆ

ತಂಪು ಎಲ್ಲವನ್ನೂ ನಿಧಾನ ಮಾಡುತ್ತದೆ. 10 ಡಿಗ್ರಿ ಇಳಿಸಿದರೆ ಉಸಿರಾಟ ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಯುತ್ತದೆ. ಬಿಸಿಲು ಏರುವ ಮೊದಲೇ ಮಾವು ಕೊಯ್ದು ನೆರಳಿಗೆ ಹಾಕುವುದರಲ್ಲಿ ಅರ್ಥವಿದೆ. ಆದರೆ ತಂಪಿಗೂ ಒಂದು ಮಿತಿ. ಮಾವು, ಬಾಳೆ ಬಿಸಿಲ ನಾಡಿನ ಹಣ್ಣುಗಳು. ಸುಮಾರು 13 ಡಿಗ್ರಿಗಿಂತ ಕೆಳಗೆ ಹೋದರೆ ಅವುಗಳ ಜೀವಕೋಶದ ಪೊರೆಗೇ ಪೆಟ್ಟು ಬೀಳುತ್ತದೆ. ಕಾಯಿ ಬಾಳೆಯನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗುತ್ತದೆ. ಆಮೇಲೆ ಹೊರಗೆ ತೆಗೆದಿಟ್ಟರೂ ಸರಿಯಾಗಿ ಹಣ್ಣಾಗುವುದಿಲ್ಲ. ಮಾವಿನದೂ ಅದೇ ಕಥೆ, ಸಿಪ್ಪೆ ಬೂದುಬಣ್ಣ ತಿರುಗಿ ಚುಕ್ಕಿ ಬೀಳುತ್ತದೆ, ತಿರುಳು ಸಪ್ಪೆ. ದಾಸ್ತಾನು ಹಾಗೇ ಇರುತ್ತದೆ, ಅದನ್ನು ಸಕ್ಕರೆ ಮಾಡುವ ವ್ಯವಸ್ಥೆ ಕೆಟ್ಟಿರುತ್ತದೆ.

ಚಳಿಯಲ್ಲಿ ಸಕ್ಕರೆಯ ನಡತೆ ತುಂಬಾ ಕುತೂಹಲಕರವಾಗಿ ಕಾಣುವುದು ಪೀಚ್ ಹಣ್ಣಿನಲ್ಲಿ. ಹಣ್ಣಾದ ಪೀಚಿನಲ್ಲಿ ಸುಕ್ರೋಸೇ ಜಾಸ್ತಿ. ಕೋಲ್ಡ್ ಸ್ಟೋರೇಜಿನಲ್ಲಿ ದಿನ ಕಳೆದಂತೆ ಇನ್ವರ್ಟೇಸ್ ಚುರುಕಾಗಿ ಆ ಸುಕ್ರೋಸನ್ನು ಒಡೆಯುತ್ತದೆ. ಹೀಗೆ ಸುಕ್ರೋಸ್ ಬೇಗ ಕಳೆದುಕೊಂಡ ಹಣ್ಣುಗಳಲ್ಲೇ ತಿರುಳು ಕಂದಾಗುವುದು, ರಸ ಬತ್ತಿ ಹಿಟ್ಟು ಹಿಟ್ಟಾಗುವುದು ಜಾಸ್ತಿ. ಸುಕ್ರೋಸ್ ಉಳಿಸಿಕೊಂಡವು ಚಳಿಯನ್ನು ಚೆನ್ನಾಗಿ ತಡೆದುಕೊಳ್ಳುತ್ತವೆ. ಸುಕ್ರೋಸ್ ಜೀವಕೋಶದ ಪೊರೆಯನ್ನು ಕಾಪಾಡುತ್ತದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ. ಅಂದರೆ ಸಕ್ಕರೆ ಬರೀ ನಾಲಿಗೆಗಲ್ಲ, ಹಣ್ಣಿನ ರಕ್ಷಣೆಗೂ ಬೇಕು. ಶೀತಲಗೃಹಕ್ಕೆ ಹಾಕುವ ಮೊದಲು ಬಿಸಿಗಾಳಿ ಕೊಡುವುದು, ಗಿಡಗಳಲ್ಲೇ ಇರುವ ಮೀಥೈಲ್ ಜಾಸ್ಮೋನೇಟ್ ಅನ್ನುವ ರಾಸಾಯನಿಕದ ಆವಿ ತಾಗಿಸುವುದು, ಇಂಥ ಉಪಚಾರಗಳಿಂದ ಪೀಚ್ ಚಳಿ ತಡೆದುಕೊಂಡಾಗ ಸುಕ್ರೋಸೂ ಜಾಸ್ತಿ ಉಳಿದಿರುವುದು ಕಂಡುಬಂದಿದೆ. ಪೀಚಿಗೆ ಅತಿ ಕೆಟ್ಟದ್ದು ಸೊನ್ನೆ ಡಿಗ್ರಿಯಲ್ಲ, 2ರಿಂದ 8 ಡಿಗ್ರಿ. ನಮ್ಮ ಮನೆಯ ಫ್ರಿಜ್ ಓಡುವುದೇ ಅಲ್ಲಿ. ಆದ್ದರಿಂದ ಗಟ್ಟಿ ಪೀಚ್ ತಂದರೆ ಮೊದಲು ಹೊರಗೇ ಹಣ್ಣಾಗಲು ಬಿಡಿ.

ಇದೇ ಇನ್ವರ್ಟೇಸ್ ಆಲೂಗಡ್ಡೆಯಲ್ಲೂ ಕೈಯಾಡಿಸುತ್ತದೆ. ಹಣ್ಣಲ್ಲ, ಆದರೂ ಹೇಳಿಬಿಡುತ್ತೇನೆ. ಆಲೂಗಡ್ಡೆಯನ್ನು 4 ಡಿಗ್ರಿಯಲ್ಲಿಟ್ಟರೆ ಪಿಷ್ಟ ಒಡೆದು ಸಿಹಿಯಾಗುತ್ತದೆ. ಅದರಿಂದ ಚಿಪ್ಸ್ ಕರಿದರೆ ಕಪ್ಪಗೆ, ಕಹಿಯಾಗಿ ಬರುತ್ತದೆ. ಚಿಪ್ಸ್ ಮಾಡುವವರು ಆಲೂಗಡ್ಡೆಯನ್ನು ಅಷ್ಟು ತಣ್ಣಗೆ ಇಡುವುದಿಲ್ಲ.

ಸೇಬು ಹಳತಾದಂತೆ ಸಿಹಿಯಾಗುವುದು ಯಾಕೆ?

ಕಾಶ್ಮೀರ, ಹಿಮಾಚಲದಲ್ಲಿ ಶರತ್ಕಾಲದ ಹೊತ್ತಿಗೆ ಕೊಯ್ದ ಸೇಬು ಬೆಂಗಳೂರಿನಲ್ಲಿ ಬೇಸಿಗೆಯಲ್ಲೂ ಸಿಗುತ್ತದೆ. ಇದು ಸಾಧ್ಯವಾಗಿದ್ದು ಗಾಳಿಯನ್ನೇ ಬದಲಿಸಿದ ಗೋದಾಮುಗಳಿಂದ. 1920ರ ದಶಕದಲ್ಲಿ ಕೇಂಬ್ರಿಡ್ಜ್‌ನ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ ಇದಕ್ಕೆ ತಳಪಾಯ ಹಾಕಿದರು. ಹೊರಗಿನ ಗಾಳಿಯಲ್ಲಿ ಆಮ್ಲಜನಕ ಶೇ. 21. ಈ ಕೋಣೆಗಳಲ್ಲಿ ಅದನ್ನು ಶೇ. 1ರಿಂದ 3ಕ್ಕೆ ಇಳಿಸುತ್ತಾರೆ. ಸೇಬು ಉಸಿರನ್ನು ತೀರಾ ನಿಧಾನ ಮಾಡುತ್ತದೆ.

ಇನ್ನೂ ಇಳಿಸಿದರೆ ಅಪಾಯ. ಆಮ್ಲಜನಕ ಸಾಲದೇ ಹೋದಾಗ ಹಣ್ಣು ಸಕ್ಕರೆಯನ್ನು ಪೂರ್ತಿ ಸುಡಲಾರದೆ ಆಲ್ಕೋಹಾಲ್ ಮಾಡಲು ಶುರುಮಾಡುತ್ತದೆ. ಈ ದಾರಿಯಲ್ಲಿ ಒಂದು ಗ್ಲೂಕೋಸಿನಿಂದ ಸಿಗುವ ಶಕ್ತಿ ತೀರಾ ಕಮ್ಮಿ. ಸಕ್ಕರೆಯೂ ಹೋಯಿತು, ರುಚಿಯೂ ಕೆಟ್ಟಿತು. ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮರೆತುಹೋದ ಹಣ್ಣಿನಿಂದ ಹೆಂಡದಂಥ ವಾಸನೆ ಬರುವುದು ಹೀಗೆ. ಮೇಣ ದಪ್ಪಗೆ ಸವರಿದರೂ ಇದೇ ಆಗಬಹುದು.

1990ರ ದಶಕದಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಎಡ್ವರ್ಡ್ ಸಿಸ್ಲರ್ ಮತ್ತು ಸಿಲ್ವಿಯಾ ಬ್ಲಾಂಕೆನ್‌ಶಿಪ್ ಹಣ್ಣಾಗುವುದನ್ನು ತಡೆಹಿಡಿಯಲು ಇನ್ನೊಂದು ಉಪಾಯ ಕೊಟ್ಟರು. 1-ಎಂಸಿಪಿ ಅನ್ನುವ ಅನಿಲ ಅದು. ಇದು ಜೀವಕೋಶದಲ್ಲಿ ಎಥಿಲೀನ್ ಕೂರುವ ಜಾಗದಲ್ಲಿ ತಾನೇ ಕೂತುಬಿಡುತ್ತದೆ. ಎಥಿಲೀನ್ ಬಂದರೂ ಹಣ್ಣಿಗೆ ಗೊತ್ತಾಗುವುದಿಲ್ಲ. ಬಾಳೆ, ಮಾವಿನಲ್ಲಿ ಇದು ಪಿಷ್ಟ ಸಕ್ಕರೆಯಾಗುವುದನ್ನು ಮುಂದೂಡುತ್ತದೆ. ಬಾಳೆಯಲ್ಲಿ ಹೊತ್ತು ತಪ್ಪಿದರೆ ಬಣ್ಣ ಅಲ್ಲಲ್ಲಿ ಮಾತ್ರ ಬಂದು ಹಣ್ಣು ಹಾಳು. ಸೇಬಿನಲ್ಲಿ ಮಾತ್ರ ಸಕ್ಕರೆಗೆ ಅಷ್ಟೇನೂ ವ್ಯತ್ಯಾಸವಾಗದು. ಗಟ್ಟಿತನ ಮತ್ತು ಹುಳಿ ಉಳಿಯುತ್ತದೆ.

ಹುಳಿ ಅಂದೆನಲ್ಲ, ಅದೇ ಇಲ್ಲಿ ಮುಖ್ಯ. ಸೇಬು ದಾಸ್ತಾನಿನಲ್ಲಿದ್ದಾಗ ತನಗೆ ಹುಳಿ ಕೊಡುವ ಮ್ಯಾಲಿಕ್ ಆಮ್ಲವನ್ನೂ ಸುಟ್ಟುಕೊಳ್ಳುತ್ತದೆ. ಇರುವ ಅಲ್ಪಸ್ವಲ್ಪ ಪಿಷ್ಟ ಮೊದಲ ವಾರಗಳಲ್ಲೇ ಸಕ್ಕರೆಯಾಗಿರುತ್ತದೆ. ಆಮೇಲೆ ಸಕ್ಕರೆ ಏರುವುದಿಲ್ಲ, ಹುಳಿ ಇಳಿಯುತ್ತಾ ಹೋಗುತ್ತದೆ. ನಾಲಿಗೆ ಇವೆರಡನ್ನೂ ತೂಗಿ ನೋಡುವುದರಿಂದ ಹಳೆಯ ಸೇಬು ಜಾಸ್ತಿ ಸಿಹಿ ಅನಿಸುತ್ತದೆ. ಇನ್ನೂ ಹಳತಾದರೆ ಸಿಹಿ ಇದ್ದೂ ಸಪ್ಪೆ.

ಸೇಬಿನ ಪಿಷ್ಟವನ್ನು ಕಣ್ಣಾರೆ ನೋಡಬಹುದು. ಅಡ್ಡಕ್ಕೆ ಕೊಯ್ದು ಅಯೋಡಿನ್ ದ್ರಾವಣ ಸವರಿದರೆ ಪಿಷ್ಟ ಇರುವ ಕಡೆ ಕಡುನೀಲಿ ಬಣ್ಣ ಬರುತ್ತದೆ. ಬೀಜದ ಸುತ್ತ ಮೊದಲು ಬೆಳ್ಳಗಾಗಿರುತ್ತದೆ, ಸಿಪ್ಪೆಯ ಕಡೆ ಕೊನೆಗೆ. ತೋಟದವರು ಈ ನೀಲಿಯ ಹರವು ನೋಡಿ ಕೊಯ್ಲಿನ ದಿನ ಗೊತ್ತು ಮಾಡುತ್ತಾರೆ. ಅಂಗಡಿಯಿಂದ ತಂದ ಹಳದಿ ಬಾಳೆಯ ಬಿಲ್ಲೆಗೂ ಇದನ್ನು ಹಾಕಿ ನೋಡಬಹುದು. ಆ ಬಿಲ್ಲೆ ಮಾತ್ರ ತಿನ್ನಬೇಡಿ.

ಬಿಸಿನೀರು, ಬಿಸಿ ಆವಿ

ಮಾವು ರಫ್ತು ಮಾಡುವಾಗ ಹಣ್ಣುನೊಣದ ಮೊಟ್ಟೆ, ಮರಿ ಸಾಯಬೇಕು ಅನ್ನುವುದು ಕೊಳ್ಳುವ ದೇಶದ ಷರತ್ತು. ಭಾರತದ ಮಾವಿಗೆ ಜಪಾನ್ 2006ರಲ್ಲಿ ಬಾಗಿಲು ತೆರೆದಾಗ ಹಣ್ಣಿನ ಒಳಭಾಗ 47.5 ಡಿಗ್ರಿಗೆ ಬಂದು 20 ನಿಮಿಷ ನಿಲ್ಲುವಂತೆ ಬಿಸಿ ಆವಿ ಕೊಡಬೇಕಿತ್ತು. ಬೇರೆ ಕಡೆಗೆ ಕಳಿಸಲು 48 ಡಿಗ್ರಿ ನೀರಿನಲ್ಲಿ ಒಂದು ಗಂಟೆ ಅದ್ದುವ ಕ್ರಮವೂ ಇದೆ.

ಬಲಿತ ಕಾಯಿ ಇದನ್ನು ತಡೆದುಕೊಂಡು ಆಮೇಲೆ ಎಂದಿನಂತೆ ಹಣ್ಣಾಗುತ್ತದೆ, ಎಷ್ಟೋ ಸಲ ಒಂದೆರಡು ದಿನ ಮೊದಲೇ. ಎಳೆ ಕಾಯಿಗೆ ಇದು ಭಾರ. ಒಳಗಿನ ಕಿಣ್ವಗಳಿಗೆ ಪೆಟ್ಟಾಗಿ, ಹಣ್ಣಾದ ಮೇಲೂ ತಿರುಳಿನ ನಡುವೆ ಬಿಳಿಯ ಗಟ್ಟಿ ಪಟ್ಟೆ ಉಳಿದುಬಿಡುತ್ತದೆ. ಅದು ಸಕ್ಕರೆಯಾಗದೆ ಉಳಿದ ಪಿಷ್ಟ. ಸುತ್ತಲಿನ ತಿರುಳು ಸಿಹಿ, ಆ ಪಟ್ಟೆ ಹಸಿ ಗೆಣಸು. ಇಲ್ಲಿಯೂ ಮಾತು ಮತ್ತೆ ಕೊಯ್ಲಿನ ದಿನಕ್ಕೇ ಬಂತು. ಕಾಯಿ ಬಲಿತಿದೆ ಅನ್ನಬೇಕಾದರೆ ತೊಟ್ಟಿನ ಎರಡೂ ಬದಿ ಭುಜ ತುಂಬಿಕೊಂಡು ಮೇಲೆದ್ದಿರಬೇಕು. ನೀರಿಗೆ ಹಾಕಿದರೆ ಕಾಯಿ ಮುಳುಗಬೇಕು. ತೇಲುವ ಕಾಯಿ ಇನ್ನೂ ಬಲಿತಿಲ್ಲ.

ಆಪೂಸ್ ಅಥವಾ ಬಾದಾಮಿಯಲ್ಲಿ ವಾಟೆಯ ಸುತ್ತ ತಿರುಳು ಬೆಳ್ಳಗೆ, ಸ್ಪಂಜಿನಂತಾಗಿ ಹುಳಿ ಬರುವುದೂ ಉಂಟು. ಅಲ್ಲೂ ಒಡೆಯದ ಪಿಷ್ಟ ಇರುತ್ತದೆ, ಅಮೈಲೇಸ್ ಕುಂದಿರುತ್ತದೆ. ಆದರೆ ಅದು ಮರದಲ್ಲೇ ಶುರುವಾಗುವ ದೋಷ. ಅದಕ್ಕೆ ಗೋದಾಮಿನವರನ್ನು ಬೈದು ಪ್ರಯೋಜನವಿಲ್ಲ.

ಪಿಷ್ಟವೇ ಇಲ್ಲದವು

ದ್ರಾಕ್ಷಿ, ಅನಾನಸ್, ಕಿತ್ತಳೆ, ದಾಳಿಂಬೆ ಈ ಲೆಕ್ಕಕ್ಕೆ ಬರುವುದಿಲ್ಲ. ಇವು ಕೊಯ್ಲಿನ ಹೊತ್ತಿಗೆ ಸಕ್ಕರೆಯನ್ನು ಸಕ್ಕರೆಯಾಗಿಯೇ ಇಟ್ಟುಕೊಂಡಿರುತ್ತವೆ. ಹುಳಿ ದ್ರಾಕ್ಷಿಯನ್ನು ಎಷ್ಟು ದಿನ ಇಟ್ಟರೂ ಸಿಹಿ ಕೂಡುವುದಿಲ್ಲ. ಪರಂಗಿ ಇನ್ನೂ ವಿಚಿತ್ರ. ಎಥಿಲೀನಿಗೆ ಮಾವಿನ ಹಾಗೆಯೇ ಮೆತ್ತಗಾಗಿ ಬಣ್ಣ ತಿರುಗುತ್ತದೆ, ಆದರೆ ಪಿಷ್ಟ ಇಲ್ಲವೆನ್ನುವಷ್ಟು ಕಮ್ಮಿ. ಸಿಪ್ಪೆಯಲ್ಲಿ ಹಳದಿ ಗೆರೆ ಮೂಡುವ ಮೊದಲೇ ಕೊಯ್ದ ಪರಂಗಿ ಬಣ್ಣಕ್ಕೆ ಬರುತ್ತದೆ, ರುಚಿಗೆ ಬರುವುದಿಲ್ಲ.

ಸಿಹಿ ಅಳೆಯಲು ಬಳಸುವ ಬ್ರಿಕ್ಸ್ ಮೀಟರ್ ಬಗ್ಗೆಯೂ ಒಂದು ಎಚ್ಚರಿಕೆ. ಅದು ರಸದಲ್ಲಿ ಕರಗಿರುವುದನ್ನೆಲ್ಲ ಅಳೆಯುತ್ತದೆ, ಸಕ್ಕರೆಯೊಂದನ್ನೇ ಅಲ್ಲ. 100 ಗ್ರಾಂ ಹಣ್ಣಿನಲ್ಲಿ 18 ಗ್ರಾಂ ಸಕ್ಕರೆ ಇದೆ ಅನ್ನಿ. ದಾಸ್ತಾನಿನಲ್ಲಿ 10 ಗ್ರಾಂ ನೀರು ಆರಿಹೋದರೆ ಈಗ 90 ಗ್ರಾಂನಲ್ಲಿ 18, ಅಂದರೆ ಶೇ. 20. ಮೀಟರ್ ಏರಿತು, ಸಕ್ಕರೆ ಒಂದು ಕಣವೂ ಹೆಚ್ಚಿಲ್ಲ. ಮೇಣ ಸವರಿದ ಹಣ್ಣು ನೀರು ಬಿಡುವುದಿಲ್ಲವಾದ್ದರಿಂದ ಅದರ ಬ್ರಿಕ್ಸ್ ಕಡಿಮೆ ಕಾಣಬಹುದು. ಅದನ್ನು ನೋಡಿ "ಮೇಣದಿಂದ ಸಿಹಿ ಕಮ್ಮಿಯಾಯಿತು" ಅಂದರೆ ತಪ್ಪು. ಯಾವುದೇ ಉಪಚಾರದ ಫಲಿತಾಂಶ ಓದುವಾಗ ಹಣ್ಣಿನ ತೂಕ ಎಷ್ಟು ಇಳಿಯಿತು ಅಂತಲೂ ನೋಡಬೇಕು.

ಮನೆಯಲ್ಲಿ ಮಾಡಬೇಕಾದ್ದು ಇಷ್ಟೇ. ಮಾವು, ಸಪೋಟ, ಸೀತಾಫಲ, ಬಾಳೆ ಕಾಯಿಯಾಗಿದ್ದರೆ ಹೊರಗಿಡಿ, ಗಾಳಿಯಾಡುವ ಹಾಗೆ. ಬೇಗ ಹಣ್ಣಾಗಬೇಕಾದರೆ ಜೊತೆಗೆ ಒಂದು ಮಾಗಿದ ಬಾಳೆಹಣ್ಣು ಇಟ್ಟು ಕಾಗದದಲ್ಲಿ ಸುತ್ತಿ, ಪ್ಲಾಸ್ಟಿಕ್ಕಿನಲ್ಲಲ್ಲ. ಮಾವು ಪೂರ್ತಿ ಹಣ್ಣಾಗಿ ಘಮ ಬಂದ ಮೇಲೆ ಎರಡು ಮೂರು ದಿನ ಫ್ರಿಜ್ಜಿನಲ್ಲಿಡಬಹುದು. ಆ ಹೊತ್ತಿಗೆ ಪಿಷ್ಟವೆಲ್ಲ ಸಕ್ಕರೆಯಾಗಿರುತ್ತದೆ, ಚಳಿಗೆ ಕೆಡಿಸಲು ಹೆಚ್ಚೇನೂ ಉಳಿದಿರುವುದಿಲ್ಲ. ಹಣ್ಣಾದ ಬಾಳೆಯನ್ನೂ ಇಡಬಹುದು. ಸಿಪ್ಪೆ ಕಪ್ಪಾಗುತ್ತದೆ, ಒಳಗಿನ ತಿರುಳು ಚೆನ್ನಾಗಿಯೇ ಇರುತ್ತದೆ. ದ್ರಾಕ್ಷಿಯನ್ನು ತಂದ ಕೂಡಲೇ ಫ್ರಿಜ್ಜಿಗೆ ಹಾಕಿ.